ಹತ್ತಿ ಧಾರಣಿಯಿಂದ ಓಸಿ ನಂಬರಿನವರೆಗೆ

ಓಸಿ ಅನ್ನೋ ಶಬ್ದ ಕೇಳದವರು ನಮ್ಮ ಕಡೆ ಯಾರೂ ಇರಲಿಕ್ಕಿಲ್ಲ. ಪೇಪರ್‌ನಾಗ ವಾರಕ್ಕೊಮ್ಮೆ ಬರ್ತೈತಿ, "ಒಂದು ರೂಪಾಯಿಗೆ ಎಂಬತ್ತು ರೂಪಾಯಿ ಕೊಡುವುದಾಗಿ ಕೂಗಿ ಚೀಟಿ ಬರೆಯುತ್ತಿದ್ದವರ ಬಂಧನ" ಅಂತ. ಓಸಿ ಅಂದ್ರ ಓಪನ್, ಕ್ಲೋಸ್. ಅದೂ ಗೊತ್ತು. ಆದರೆ ಓಪನ್ ಆಗಿದ್ದು ಏನು, ಕ್ಲೋಸ್ ಆಗಿದ್ದು ಏನು ಅಂತ ಕೇಳಿದರೆ ಆಡೋರಿಗೂ ಗೊತ್ತಿಲ್ಲ, ಹಿಡಿಯೋರಿಗೂ ಗೊತ್ತಿಲ್ಲ.

ಅದು ಹತ್ತಿ ಧಾರಣಿ ನೋಡ್ರಿ. ಅಮೆರಿಕದ ನ್ಯೂಯಾರ್ಕ್ ಪೇಟೆಯಲ್ಲಿ ಬೆಳಿಗ್ಗೆ ವ್ಯಾಪಾರ ಶುರುವಾದಾಗಿನ ಹತ್ತಿ ರೇಟು ಓಪನ್, ವ್ಯಾಪಾರ ಮುಗಿದಾಗಿನ ರೇಟು ಕ್ಲೋಸ್. ನಾವು ಎರೆ ಹೊಲದಲ್ಲಿ ಬೆಳೆಯೋ ಹತ್ತಿಯ ಹೆಸರಿನಲ್ಲೇ ಆ ಜೂಜು ಹುಟ್ಟಿದ್ದು. ಈಗ ಅದರಲ್ಲಿ ಹತ್ತಿ ಇಲ್ಲ, ನಂಬರ್ ಮಾತ್ರ ಉಳಿದೈತಿ.

ಈ ಕತೆ ಬರೀಬೇಕು ಅನಿಸಿದ್ದಕ್ಕೆ ಕಾರಣ ಐತಿ. ಹೋದ ಮೂರು ನಾಲ್ಕು ವರ್ಷದಲ್ಲಿ ನಮ್ಮ ಸುತ್ತಲಿನ ಊರುಗಳಲ್ಲಿ ಮೊಬೈಲ್ ಆಟದ ಸಾಲಕ್ಕೆ ಎತ್ತು ಮಾರಿದ್ದು, ಹೊಲ ಲಾವಣಿಗೆ ಹಾಕಿದ್ದು ಕಣ್ಣಾರೆ ನೋಡೀನಿ. ಹಿರಿಯರು "ಎಲ್ಲಾ ಈ ಮೊಬೈಲಿಂದ ಬಂತು" ಅಂತಾರ. ಹುಡುಗರು "ಇದು ಹೊಸ ಕಾಲದ ಇನ್ವೆಸ್ಟ್‌ಮೆಂಟ್, ನಿಮಗೆ ತಿಳಿಯೂದಿಲ್ಲ" ಅಂತಾರ. ಇಬ್ಬರ ಮಾತೂ ಪೂರಾ ಖರೆ ಅಲ್ಲ. ಇದು ನೂರೈವತ್ತು ವರ್ಷದ ಹಳೆಯ ಕತೆ. ಪ್ರತಿ ಸಲ ಹೊಸ ಯಂತ್ರ ಬಂದಾಗಲೂ ಮತ್ತೆ ಶುರುವಾಗಿದೆ.

ಮೊದಲು ತಂತಿ ಇಲ್ಲದ ಕಾಲ ನೋಡೋಣ. ನಮ್ಮ ಧಾರವಾಡ ಸೀಮೆಯ ಜವಾರಿ ಹತ್ತಿಗೆ ಮುಂಬೈ, ಇಂಗ್ಲೆಂಡ್ ಪೇಟೆಯಲ್ಲಿ "ಕುಮಟಾ" ಅಂತ ಹೆಸರಿತ್ತು. ಕುಮಟಾದಲ್ಲಿ ಹತ್ತಿ ಬೆಳೀತಿರಲಿಲ್ಲ. ಎತ್ತಿನ ಗಾಡಿಯಲ್ಲಿ ಘಟ್ಟ ಇಳಿದು ಕುಮಟಾ ಬಂದರಿನಿಂದ ಹಡಗು ಹತ್ತುತ್ತಿತ್ತು, ಅದಕ್ಕೆ ಆ ಹೆಸರು. ಬೆಳೆದವನ ಊರಿನ ಹೆಸರು ದಾರಿಯಲ್ಲೇ ಕಳೆದು ಸಾಗಿಸಿದ ಬಂದರಿನ ಹೆಸರು ಉಳೀತು. 1840ರ ದಶಕದಲ್ಲಿ ಕಂಪನಿ ಸರ್ಕಾರ ಅಮೆರಿಕದ ಬೀಜ ತರಿಸಿ ನಮ್ಮ ಕಡೆ ಬಿತ್ತಿಸಿತು. ಅದಕ್ಕೆ ಪೇಟೆಯಲ್ಲಿ "ಧಾರವಾಡ ಅಮೆರಿಕನ್" ಅಂತ ಹೆಸರು ಬಂತು.

1861ರಲ್ಲಿ ಅಮೆರಿಕದಲ್ಲಿ ಉತ್ತರದವರಿಗೂ ದಕ್ಷಿಣದವರಿಗೂ ಯುದ್ಧ ಹತ್ತಿತು. ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಬರ್ತಿದ್ದದ್ದು ಹೆಚ್ಚಾಗಿ ಅಮೆರಿಕದ ದಕ್ಷಿಣದ ರಾಜ್ಯಗಳಿಂದ. ಆ ಬಂದರುಗಳು ಬಂದ್ ಆದವು. ಗಿರಣಿಯವರೆಲ್ಲ ಹಿಂದೂಸ್ತಾನದ ಹತ್ತಿಗೆ ಮುಗಿಬಿದ್ದರು. ಧಾರಣಿ ಮೂರು ನಾಲ್ಕು ಪಟ್ಟು ಏರಿತು. ಮುಂಬೈಯಲ್ಲಿ ಹಾಸಿಗೆ ದಿಂಬು ಬಿಚ್ಚಿ ಒಳಗಿನ ಹತ್ತಿ ಮಾರಿದರು ಅಂತ ಇವತ್ತಿಗೂ ಹೇಳ್ತಾರೆ. ಧಾರವಾಡದ ಹತ್ತಿ ಬೇಗ ಹಡಗು ಹತ್ತಲಿ, ಕಾರವಾರ ಬಂದರು ಬೆಳೀಲಿ ಅಂತ ಮ್ಯಾಂಚೆಸ್ಟರ್ ಗಿರಣಿಯವರು ಒತ್ತಾಯ ಮಾಡಿದರು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನೇ ಮದ್ರಾಸ್ ಪ್ರಾಂತ್ಯದಿಂದ ತೆಗೆದು ಮುಂಬೈ ಪ್ರಾಂತ್ಯಕ್ಕೆ ಸೇರಿಸಿದರು. ಎಲ್ಲಿಯ ಯುದ್ಧ, ಎಲ್ಲಿಯ ಕಾರವಾರ!

ಆಗ ಮುಂಬೈಯಲ್ಲಿ ಪ್ರೇಮಚಂದ್ ರಾಯಚಂದ್ ಅಂತ ದೊಡ್ಡ ದಲಾಲಿ ಸಾಹುಕಾರ ಇದ್ದರು. ಇವತ್ತು ಮುಂಬೈ ವಿಶ್ವವಿದ್ಯಾಲಯದಲ್ಲಿ ಇರೋ ರಾಜಾಬಾಯಿ ಗಡಿಯಾರ ಗೋಪುರ ಇವರ ತಾಯಿಯ ಹೆಸರಿನದು. ಇಂಗ್ಲೆಂಡಿನಿಂದ ಹಡಗು ಬರ್ತದ ಅಂದ್ರ, ಅದು ದಂಡೆ ಮುಟ್ಟೋ ಮೊದಲೇ ಇವರ ಆಳುಗಳು ಸಣ್ಣ ದೋಣಿಯಲ್ಲಿ ಎದುರು ಹೋಗಿ ಲಿವರ್‌ಪೂಲಿನ ಹತ್ತಿ ಧಾರಣಿ ತಿಳಕೊಂಡು ಬರ್ತಿದ್ದರಂತೆ. ಉಳಿದ ವ್ಯಾಪಾರಿಗಳಿಗೆ ಸುದ್ದಿ ತಿಳಿಯೋ ಹೊತ್ತಿಗೆ ಇವರು ಖರೀದಿ ಮುಗಿಸಿರ್ತಿದ್ದರು. ಈ ದೋಣಿ ನೆನಪಿಟ್ಟುಕೊಳ್ರಿ, ಮುಂದೆ ಮತ್ತೆ ಬೇಕಾಗ್ತದ.

ಹತ್ತಿಯಿಂದ ಬಂದ ರೊಕ್ಕ ಮುಂಬೈಯಲ್ಲಿ ಸುಮ್ಮನೆ ಕೂಡಲಿಲ್ಲ. ಹೊಸ ಬ್ಯಾಂಕು, ಹೊಸ ಕಂಪನಿ, ಸಮುದ್ರ ತುಂಬಿಸಿ ಜಾಗ ಮಾಡೋ ಬ್ಯಾಕ್ ಬೇ ಕಂಪನಿ, ಇವುಗಳ ಶೇರಿಗೆ ಜನ ಮುಗಿಬಿದ್ದರು. ಕೈಯಲ್ಲಿ ರೊಕ್ಕ ಇಲ್ಲದವರೂ "ಜುಲೈ ಒಂದಕ್ಕೆ ಕೊಡ್ತೀನಿ" ಅಂತ ಮಾತಿನ ಮೇಲೆ ಶೇರು ಕೊಂಡರು. ಅದನ್ನು ವಾಯಿದೆ ವ್ಯಾಪಾರ ಅಂತಾರ. 1865ರ ಏಪ್ರಿಲ್ 9ಕ್ಕೆ ಅಮೆರಿಕದ ದಕ್ಷಿಣದ ಸೇನಾಪತಿ ಲೀ ಶರಣಾದ. ಹತ್ತಿ ಧಾರಣಿ ಜಾರಿತು, ಅದರ ಬೆನ್ನಿಗೆ ಶೇರುಗಳೂ ಬಿದ್ದವು. ವಾಯಿದೆ ತೀರಿಸಬೇಕಿದ್ದ 1865ರ ಜುಲೈ 1ಕ್ಕೆ ಮುಂಬೈಯ ದೊಡ್ಡ ದೊಡ್ಡ ಮನೆತನಗಳು ದಿವಾಳಿ ಎದ್ದವು. ಪ್ರೇಮಚಂದ್ ಅವರೂ ಮುಳುಗಿದರು. ಬ್ಯಾಂಕ್ ಆಫ್ ಬಾಂಬೆ ಕೂಡ ಉಳೀಲಿಲ್ಲ, 1868ರಲ್ಲಿ ಅದೇ ಹೆಸರಿನ ಹೊಸ ಬ್ಯಾಂಕು ಕಟ್ಟಬೇಕಾಯ್ತು.

ಹೊಲದಲ್ಲಿದ್ದವನ ಗತಿ? ರೇಟು ಏರಿದಾಗ ಸಾಹುಕಾರ ಕರೆದು ಕರೆದು ಸಾಲ ಕೊಟ್ಟಿದ್ದ. ರೇಟು ಇಳಿದ ಮೇಲೆ ಸಾಲ ಉಳೀತು. ಕಂದಾಯವೂ ಏರಿತು. ಹತ್ತು ವರ್ಷ ಕಳೆದು 1875ರ ಮೇ ತಿಂಗಳಲ್ಲಿ ಪುಣೆ ಜಿಲ್ಲೆಯ ಸುಪೆ ಊರಿನ ಸಂತೆಯಲ್ಲಿ ರೈತರು ಸಾಹುಕಾರರ ಅಂಗಡಿಗೆ ನುಗ್ಗಿದರು. ಅಲ್ಲಿಂದ ಅಹ್ಮದ್‌ನಗರದ ಕಡೆಗೂ ಹಬ್ಬಿತು. ಅವರು ಮುಖ್ಯವಾಗಿ ಹುಡುಕಿದ್ದು ಬಂಗಾರ ಅಲ್ಲ, ಸಾಲದ ಕಾಗದ, ಲೆಕ್ಕದ ಪುಸ್ತಕ. ಸಿಕ್ಕಲ್ಲಿ ಸುಟ್ಟರು. ಈ ಕಾಗದದ ಮಾತೂ ನೆನಪಿರಲಿ.

ಈಗ ತಂತಿಗೆ ಬರೋಣ. 1865ರಲ್ಲಿ ಇರಾನಿನ ಕೊಲ್ಲಿ, ತುರ್ಕಿ ದಾಟಿ ಲಂಡನ್ನಿಗೆ ತಂತಿ ಸಂಪರ್ಕ ಆಯ್ತು. 1870ರಲ್ಲಿ ಸಮುದ್ರದ ತಳದಲ್ಲಿ ಸೂಯೆಜ್, ಏಡನ್ ಮೇಲೆ ಮುಂಬೈಗೇ ಕೇಬಲ್ ಬಂತು. ಹಡಗಿನಲ್ಲಿ ತಿಂಗಳು ಹಿಡೀತಿದ್ದ ಸುದ್ದಿ ತಾಸುಗಳಲ್ಲಿ ಬರತೊಡಗಿತು. ಅದೇ 1870ರಲ್ಲೇ ನ್ಯೂಯಾರ್ಕ್ ಕಾಟನ್ ಎಕ್ಸ್‌ಚೇಂಜ್ ಶುರುವಾಯ್ತು.

ತಂತಿಯಿಂದ ಕೆಲಸ ಬದಲಾಯ್ತು. ಮೊದಲು ವ್ಯಾಪಾರಿ ಹತ್ತಿ ಕೊಂಡು, ಹಡಗಿಗೆ ಹೇರಿ, ದೂರದ ಪೇಟೆಯಲ್ಲಿ ಯಾವ ರೇಟು ಸಿಗ್ತದೋ ಅಂತ ದೇವರ ಮೇಲೆ ಭಾರ ಹಾಕ್ತಿದ್ದ. ತಂತಿ ಬಂದ ಮೇಲೆ, ಹತ್ತಿ ಇನ್ನೂ ಇಲ್ಲೇ ಇರುವಾಗ ಅಲ್ಲಿ "ಮೂರು ತಿಂಗಳಿಗೆ ಇಷ್ಟು ರೇಟಿಗೆ ಕೊಡ್ತೀನಿ" ಅಂತ ಮಾರಾಟ ಮಾಡಿಬಿಡಬಹುದು. ರೇಟು ಇಳಿದರೂ ಅವನಿಗೆ ಪೆಟ್ಟಿಲ್ಲ. ಇದಕ್ಕೇ ಈಗ ಫ್ಯೂಚರ್ಸ್ ಅಂತಾರ. ಇದು ಜೂಜಲ್ಲ, ಮಾಲು ಕೈಯಲ್ಲಿ ಇದ್ದವನಿಗೆ ಇದು ವಿಮೆ ಇದ್ದ ಹಾಗೆ. ಇದನ್ನ ಸ್ಪಷ್ಟ ಹೇಳ್ತೀನಿ, ಯಾಕಂದ್ರ ಫ್ಯೂಚರ್ಸ್ ಎಲ್ಲಾ ಸಟ್ಟಾನೇ ಅನ್ನೋರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ.

ಆದರೆ ಅದೇ ಒಪ್ಪಂದವನ್ನ ಒಂದು ಹಿಡಿ ಹತ್ತಿಯೂ ಇಲ್ಲದವನು ಮಾಡಿದರೆ? ಕೊಡೋದೂ ಇಲ್ಲ, ತಗೊಳ್ಳೋದೂ ಇಲ್ಲ, ರೇಟಿನ ಹೆಚ್ಚು ಕಡಿಮೆ ಅಷ್ಟೇ ಲೆಕ್ಕ ಹಾಕಿ ರೊಕ್ಕ ಎಣಿಸೋದು. ಇದನ್ನ ತಡೆಯೋಕೆ 1872ರ ಕರಾರು ಕಾಯಿದೆಯಲ್ಲೇ ಬರೆದರು: ಬಾಜಿ ಕಟ್ಟಿದ ಒಪ್ಪಂದಕ್ಕೆ ಕಾನೂನಿನ ಬೆಲೆ ಇಲ್ಲ, ಗೆದ್ದವನು ಕೋರ್ಟಿಗೆ ಹೋಗಿ ವಸೂಲಿ ಮಾಡಂಗಿಲ್ಲ. ಆದರೂ ನಿಲ್ಲಲಿಲ್ಲ. ಕಲ್ಕತ್ತಾದಲ್ಲಿ ಮಳೆಯ ಮೇಲೇ ಬಾಜಿ ಕಟ್ಟತಿದ್ದರು. ಇಂತಿಷ್ಟು ಹೊತ್ತಿನೊಳಗೆ ಮಾಳಿಗೆಯ ನೀರು ಹರಿದು ಬೀಳ್ತದೋ ಇಲ್ಲೋ ಅಂತ. ಅದನ್ನು ನಿಲ್ಲಿಸೋಕೆ 1897ರಲ್ಲಿ ಬಂಗಾಳದಲ್ಲಿ ಬೇರೆ ಕಾಯಿದೆಯೇ ಮಾಡಬೇಕಾಯ್ತು. ಒಬ್ಬ ಮುಗಿಲು ನೋಡ್ಕೊಂತ ಬಿತ್ತಿಗೆ ಕಾಯ್ತಾನ, ಇನ್ನೊಬ್ಬ ಅದೇ ಮುಗಿಲಿನ ಮೇಲೆ ಬಾಜಿ ಕಟ್ಟತಾನ. ಮಳೆ ಒಂದೇ.

ಮುಂಬೈ ಹತ್ತಿ ಪೇಟೆಯಲ್ಲಿ ತೇಜಿ, ಮಂದಿ ಅಂತ ಎರಡು ಬಗೆಯ ಕರಾರು ನಡೀತಿತ್ತು. ಸ್ವಲ್ಪ ಮುಂಗಡ ಕೊಟ್ಟರೆ ರೇಟು ಏರಿದಾಗ ಲಾಭ ತಗೊಳ್ಳೋ ಹಕ್ಕು ತೇಜಿ, ಇಳಿದಾಗ ತಗೊಳ್ಳೋ ಹಕ್ಕು ಮಂದಿ. ಈಗಿನ ಹುಡುಗರು ಮೊಬೈಲ್‌ನಲ್ಲಿ ಕಾಲ್, ಪುಟ್ ಅಂತಾರಲ್ಲ, ಅದೇ ಇದು. 1952ರ ಕಾಯಿದೆಯಲ್ಲಿ ಸರಕಿನ ಮೇಲಿನ ತೇಜಿ ಮಂದಿ ಕರಾರು ನಿಷೇಧ ಆಯ್ತು.

ತಂತಿಯಿಂದ ಗುಟ್ಟಿನ ಪ್ರಶ್ನೆಯೂ ಹುಟ್ಟಿತು. ಕಾಗದವನ್ನ ಲಕೋಟೆಯಲ್ಲಿ ಮುಚ್ಚಿ ಕಳಿಸಬಹುದು. ತಂತಿಯನ್ನ ಆಫೀಸಿನ ನೌಕರ ಓದಿಯೇ ಕಳಿಸಬೇಕು. ಅದಕ್ಕೆ ವ್ಯಾಪಾರಿಗಳು ಸಂಕೇತದ ಪುಸ್ತಕ ಮಾಡಿಕೊಂಡರು, ಒಂದು ಶಬ್ದ ಕಳಿಸಿದರೆ ಒಂದು ಪೂರಾ ವಾಕ್ಯದ ಅರ್ಥ. ಶಬ್ದಕ್ಕಿಷ್ಟು ಅಂತ ದರ ಇದ್ದದ್ದರಿಂದ ಖರ್ಚೂ ಉಳೀತು, ಗುಟ್ಟೂ ಉಳೀತು. ಇತ್ತ ಸರ್ಕಾರ 1885ರ ಟೆಲಿಗ್ರಾಫ್ ಕಾಯಿದೆಯಲ್ಲಿ ತಂತಿ ತಡೆದು ನೋಡೋ ಅಧಿಕಾರ ತನ್ನಲ್ಲಿ ಇಟ್ಟುಕೊಂಡಿತು. ಮುಂದೆ ಟೆಲಿಫೋನಿಗೂ ಅದೇ ಕಾಯಿದೆ ನಡೀತು. 1988ರಲ್ಲಿ ಫೋನ್ ಕದ್ದಾಲಿಕೆ ಗಲಾಟೆಯಲ್ಲಿ ನಮ್ಮ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟದ್ದು ನಮ್ಮ ವಯಸ್ಸಿನವರಿಗೆ ನೆನಪಿರಬೇಕು.

ಇನ್ನು ಓಸಿ. ಸ್ವಾತಂತ್ರ್ಯ ಬಂದ ಮೇಲೂ ನ್ಯೂಯಾರ್ಕಿನ ಹತ್ತಿ ಧಾರಣಿ ಟೆಲಿಪ್ರಿಂಟರ್ ಮೇಲೆ ಮುಂಬೈಗೆ ಬರ್ತಿತ್ತು. ಜನ ಆ ರೇಟಿನ ಅಂಕಿಯ ಮೇಲೆ ಬಾಜಿ ಕಟ್ಟತೊಡಗಿದರು. ಹತ್ತಿ ಏರ್ತದೋ ಇಳೀತದೋ ಅನ್ನೋದೂ ಬೇಡ, ಅಂಕಿ ಯಾವುದು ಅನ್ನೋದಷ್ಟೇ. 1961ರಲ್ಲಿ ನ್ಯೂಯಾರ್ಕಿನವರು ರೇಟು ಕಳಿಸೋದನ್ನು ನಿಲ್ಲಿಸಿದರು. ಅಲ್ಲಿಗೆ ಜೂಜು ಮುಗೀಬೇಕಿತ್ತು. ಮುಗೀಲಿಲ್ಲ. 1962ರಲ್ಲಿ ವರ್ಳಿಯ ಕಲ್ಯಾಣ್‌ಜಿ ಭಗತ್, ಆಮೇಲೆ 1964ರಲ್ಲಿ ಕರಾಚಿಯಿಂದ ಬಂದಿದ್ದ ರತನ್ ಖತ್ರಿ, ತಾವೇ ಅಂಕಿ ತೆಗೆಯೋ ಪದ್ಧತಿ ಮಾಡಿದರು. ಮಡಕೆಯಿಂದ ಚೀಟಿ ತೆಗೀತಿದ್ದರು, ಅದಕ್ಕೇ ಮಟ್ಕಾ. ಆಮೇಲೆ ಇಸ್ಪೀಟ್ ಎಲೆ ಬಂದವು. ಮೂರು ಎಲೆ ತೆಗೆದು ಕೂಡಿಸೋದು. 5, 3, 6 ಬಂದರೆ 14, ಅದರ ಕೊನೆಯ ಅಂಕಿ 4, ಅದೇ ಓಪನ್. ಮತ್ತೆ ಮೂರು ಎಲೆ ತೆಗೆದರೆ ಕ್ಲೋಸ್. ಹತ್ತಿ ಹೋಯ್ತು, ನ್ಯೂಯಾರ್ಕ್ ಹೋಯ್ತು, ಹೆಸರು ಮಾತ್ರ ಉಳೀತು.

ಮುಂಬೈ ಗಿರಣಿ ಕಾರ್ಮಿಕರು ದಿನಗೂಲಿಯಿಂದ ಎಂಟಾಣೆ, ರೂಪಾಯಿ ಕಟ್ಟಿದರು. ಟೆಲಿಫೋನಿನ ಮೇಲೆ ನಂಬರ್ ನಮ್ಮ ಊರುಗಳಿಗೂ ಬಂತು. ಚಹಾ ಅಂಗಡಿ, ಪಾನ್ ಅಂಗಡಿಯಲ್ಲಿ ಚೀಟಿ ಬರೆಯೋದೇ ಕೆಲವರಿಗೆ ಉದ್ಯೋಗ ಆಯ್ತು. ಇದರ ಲೆಕ್ಕ ಎಸ್ಸೆಸ್ಸೆಲ್ಸಿ ಓದಿದ ನಾನೂ ಮಾಡಬಲ್ಲೆ. 00ದಿಂದ 99ರವರೆಗೆ ನೂರು ಜೋಡಿ ಅಂಕಿ. ನೂರಕ್ಕೂ ಒಂದೊಂದು ರೂಪಾಯಿ ಕಟ್ಟಿದರೆ ನೂರು ರೂಪಾಯಿ ಹೋಯ್ತು. ಒಂದಂತೂ ಹತ್ತೇ ಹತ್ತತದ, ಎಂಬತ್ತು ಬಂತು. ಇಪ್ಪತ್ತು ರೂಪಾಯಿ ಬುಕ್ಕಿಯ ಕಿಸೆಗೆ. ಯಾವ ಅಂಕಿ ಬಂದರೂ ಅಷ್ಟೇ. ಕನಸಿನ ಪುಸ್ತಕ ನೋಡಿದರೂ, ಸ್ವಾಮಿಗಳಿಗೆ ಕೇಳಿದರೂ ಈ ಇಪ್ಪತ್ತು ತಪ್ಪೂದಿಲ್ಲ.

2000ದ ಸುಮಾರಿಗೆ ಕಂಪ್ಯೂಟರ್ ಮೇಲೆ ಆಡೋ ಆನ್‌ಲೈನ್ ಲಾಟರಿ ಬಂತು. ಬೀದಿ ಬೀದಿಗೆ ಮಷಿನ್ ಅಂಗಡಿ. ಕೂಲಿ ಮಾಡಿದ ದುಡ್ಡು ಅಲ್ಲೇ ಇಳಿಸಿ ಬರಿಗೈಲಿ ಮನೆಗೆ ಹೋಗೋರನ್ನ ನೋಡೀವಿ. 2007ರ ಏಪ್ರಿಲ್‌ನಿಂದ ಕರ್ನಾಟಕದಲ್ಲಿ ಲಾಟರಿಯೇ ಬಂದ್ ಆಯ್ತು. ಅಂಗಡಿ ಮುಚ್ಚಿಸೋದು ಸುಲಭ ಇತ್ತು, ಯಾಕಂದ್ರ ಅಂಗಡಿಗೆ ಬಾಗಿಲು ಇತ್ತು.

2016ರಲ್ಲಿ ಅಗ್ಗದ ಇಂಟರ್‌ನೆಟ್ ಬಂತು, ಯುಪಿಐ ಬಂತು. ಬಾಗಿಲೇ ಇಲ್ಲದ ಅಂಗಡಿ ಕಿಸೆಯೊಳಗೆ ಬಂದು ಕುಂತಿತು. ರಮ್ಮಿ ಹೆಚ್ಚಾಗಿ ಕೌಶಲ್ಯದ ಆಟ ಅಂತ ಸುಪ್ರೀಂ ಕೋರ್ಟ್ 1967ರಲ್ಲೇ ಹೇಳಿತ್ತು. ಅದು ನಾಲ್ಕು ಮಂದಿ ಎದುರುಬದುರು ಕುಂತು ಆಡೋ ಕಾಲದ ಮಾತು. ಅದೇ ಮಾತು ಹಿಡಿದು ಕಂಪನಿಗಳು ಹಗಲೂ ರಾತ್ರಿ ಆಡಿಸಿದವು. ಕರ್ನಾಟಕ ಸರ್ಕಾರ 2021ರ ಅಕ್ಟೋಬರ್‌ನಲ್ಲಿ ನಿಷೇಧ ತಂದಿತು, 2022ರ ಫೆಬ್ರವರಿಯಲ್ಲಿ ನಮ್ಮ ಹೈಕೋರ್ಟ್ ಅದನ್ನ ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಪಾರ್ಲಿಮೆಂಟೇ ಕಾಯಿದೆ ಮಾಡಿ, ಕೌಶಲ್ಯ ಇರಲಿ ಅದೃಷ್ಟ ಇರಲಿ, ದುಡ್ಡು ಕಟ್ಟಿ ಆಡೋ ಆನ್‌ಲೈನ್ ಆಟ ಎಲ್ಲಾ ನಿಷೇಧ ಅಂದಿತು. ವರ್ಷಕ್ಕೆ 45 ಕೋಟಿ ಜನ ಸುಮಾರು 20,000 ಕೋಟಿ ರೂಪಾಯಿ ಕಳಕೊಳ್ತಾರೆ ಅನ್ನೋದು ಆಗ ಸರ್ಕಾರ ಹೇಳಿದ ಅಂದಾಜು. ಕಾಯಿದೆ ಪ್ರಶ್ನೆ ಮಾಡಿದ ಅರ್ಜಿಗಳು ಸುಪ್ರೀಂ ಕೋರ್ಟಿಗೂ ಹೋದವು.

ಆಟ ಬಂದ್ ಆದ ಮೇಲೆ ಕೆಲವು ಹುಡುಗರು "ಇನ್ನು ಟ್ರೇಡಿಂಗ್ ಮಾಡ್ತೀವಿ" ಅಂತಿದ್ದಾರೆ. ಅವರು ಈ ಲೆಕ್ಕ ನೋಡಬೇಕು. ನಮ್ಮ ದೇಶದಲ್ಲಿ ಶೇರು ಸೂಚ್ಯಂಕದ ಫ್ಯೂಚರ್ಸ್ 2000ದಲ್ಲಿ, ಆಪ್ಶನ್ಸ್ 2001ರಲ್ಲಿ ಶುರುವಾದವು. ಸೆಬಿಯವರು 2024ರಲ್ಲಿ ಮೂರು ವರ್ಷದ ಲೆಕ್ಕ ತೆಗೆದು ನೋಡಿದರು. ಇದರಲ್ಲಿ ವ್ಯವಹಾರ ಮಾಡಿದ ಒಂದು ಕೋಟಿಗೂ ಹೆಚ್ಚು ಬಿಡಿ ಜನರಲ್ಲಿ 93 ಪರ್ಸೆಂಟ್ ಮಂದಿಗೆ ನಷ್ಟ. ಒಟ್ಟು ನಷ್ಟ 1.8 ಲಕ್ಷ ಕೋಟಿಗೂ ಮೇಲೆ. ಮುಂದಿನ 2024–25ರಲ್ಲೂ 91 ಪರ್ಸೆಂಟ್ ಮಂದಿ ಕಳಕೊಂಡರು. ಗಳಿಸಿದವರು ಯಾರು? ದೊಡ್ಡ ಸಂಸ್ಥೆಗಳು ಮತ್ತು ವಿದೇಶಿ ಹೂಡಿಕೆದಾರರು. ಅವರ ಲಾಭದಲ್ಲಿ ನೂರಕ್ಕೆ 95ಕ್ಕಿಂತ ಹೆಚ್ಚು ಕಂಪ್ಯೂಟರ್ ತಾನೇ ಲೆಕ್ಕ ಹಾಕಿ ಮಾಡೋ ವ್ಯವಹಾರದಿಂದ ಬಂದದ್ದು ಅಂತ ಅದೇ ವರದಿ ಹೇಳ್ತದ. ಪ್ರೇಮಚಂದ್ ಅವರ ದೋಣಿ ನೆನಪಿಟ್ಟುಕೊಳ್ರಿ ಅಂದಿದ್ದೆ. ಆ ದೋಣಿ ಈಗ ಕಂಪ್ಯೂಟರ್ ಆಗೈತಿ. ನಮ್ಮ ಹುಡುಗ ಹೊಲದ ಬದುವಿನ ಮೇಲೆ ನಿಂತು ಸ್ಕ್ರೀನ್ ಮೇಲೆ ಬೆರಳು ಇಡೋದರೊಳಗ ದೋಣಿ ಹೋಗಿ ವಾಪಸ್ ಬಂದಿರ್ತದ.

ಶೇರು ಕೊಳ್ಳೋದು ತಪ್ಪು ಅಂತ ನಾನು ಹೇಳೂದಿಲ್ಲ. ಒಂದು ಕಂಪನಿಯ ಪಾಲು ಕೊಂಡು ವರ್ಷಗಟ್ಟಲೆ ಇಟ್ಟುಕೊಳ್ಳೋದು ಮಾವಿನ ಗಿಡ ಹಚ್ಚಿದಂಗ. ಗುರುವಾರ ಮಧ್ಯಾಹ್ನ ಅಂಕಿ ಎಲ್ಲಿ ನಿಲ್ತದ ಅಂತ ಕಟ್ಟೋದು ಓಸಿಯ ಕ್ಲೋಸ್.

ಸೋತವನಿಗೆ ಸಾಲ ಬೇಕಾಗ್ತದ. ಅದೂ ಮೊಬೈಲ್‌ನಲ್ಲೇ ಸಿಗ್ತದ. 2021ರಲ್ಲಿ ರಿಸರ್ವ್ ಬ್ಯಾಂಕಿನ ಸಮಿತಿ ನೋಡಿದಾಗ ಸುಮಾರು 1,100 ಸಾಲದ ಆ್ಯಪ್‌ಗಳಲ್ಲಿ 600 ಅಕ್ರಮ. ಇವು ಸಾಲ ಕೊಡೋ ಮೊದಲು ನಮ್ಮ ಫೋನಿನ ನಂಬರ್ ಎಲ್ಲಾ, ಫೋಟೋ ಎಲ್ಲಾ ತಗೊಳ್ತಿದ್ದವು. ಕಂತು ತಪ್ಪಿದರೆ ಬೀಗರಿಗೆ, ಅಕ್ಕತಂಗಿಯರಿಗೆ ಫೋನ್. 2022ರಲ್ಲಿ ರಿಸರ್ವ್ ಬ್ಯಾಂಕ್ ನಂಬರ್ ಪಟ್ಟಿ, ಫೋಟೋ ಮುಟ್ಟಬಾರದು ಅಂತ ನಿಯಮ ಮಾಡಿತು. ಅಕ್ರಮದವರು ನಿಯಮ ಕೇಳ್ತಾರೇನು? 1875ರಲ್ಲಿ ಸುಪೆಯ ರೈತರಿಗೆ ಸುಡೋಕೆ ಒಂದು ಕಾಗದ ಆದರೂ ಇತ್ತು. ಈಗಿನ ಕಾಗದ ಎಲ್ಲಿ ಐತಿ ಅಂತಲೇ ಗೊತ್ತಾಗೂದಿಲ್ಲ, ಸಾಲ ತೀರಿದ ಮೇಲೂ ಅದು ಉಳೀತದ.

ಈ ಗುಟ್ಟಿನ ವಿಚಾರದಲ್ಲಿ ನಾವು ಹೆಮ್ಮೆ ಪಡೋ ಒಂದು ಹೆಸರು ಐತಿ. ಖಾಸಗಿತನ ನಮ್ಮ ಮೂಲಭೂತ ಹಕ್ಕು ಅಂತ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರು. ಆ ಪ್ರಕರಣಕ್ಕೆ ಕಾರಣವಾದ ಆಧಾರ್ ಅರ್ಜಿಯನ್ನ 2012ರಲ್ಲಿ ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಗ ಅವರಿಗೆ ಎಂಬತ್ತು ದಾಟಿತ್ತು. 2024ರಲ್ಲಿ ತೀರಿಕೊಂಡರು.

ಯಂತ್ರ ಕೆಟ್ಟದ್ದು ಅಂತ ನಾನು ಹೇಳಿದರೆ ಸುಳ್ಳಾಗ್ತದ. ಉತಾರ ಸಲುವಾಗಿ ಚಾವಡಿಗೆ ಎಷ್ಟು ಸಲ ಅಲೀಬೇಕಿತ್ತು ಅಂತ ನಮಗ ಗೊತ್ತು. 2000ದ ಹೊತ್ತಿಗೆ ಭೂಮಿ ಯೋಜನೆ ಬಂದು ಹದಿನೈದು ರೂಪಾಯಿಗೆ ಉತಾರ ಕೈಗೆ ಬಂತು. ಹುಬ್ಬಳ್ಳಿ, ರಾಯಚೂರು ಪೇಟೆ ಧಾರಣಿ ಮನೆಯಲ್ಲೇ ತಿಳೀತದ. ಆದರೆ ರೈಲು ಬಂದಾಗ ಏನಾಯ್ತು ನೋಡ್ರಿ. 1880ರ ದಶಕದಲ್ಲಿ ಹುಬ್ಬಳ್ಳಿ, ಗದಗಕ್ಕೆ ಹಳಿ ಬಂತು, ಮರ್ಮಗೋವಾ ಬಂದರಿಗೆ ಸೇರಿತು. ಹತ್ತಿ ಬೇಗ ಹೋಯ್ತು, ಕುಮಟಾ ಬಂದರು ಮಂಕಾಯ್ತು, ಘಟ್ಟ ಇಳಿಯೋ ಗಾಡಿಯವರ ದುಡಿಮೆ ಹೋಯ್ತು. ಅನುಕೂಲವೂ ಖರೆ, ಪೆಟ್ಟೂ ಖರೆ. ಪೆಟ್ಟು ಯಾರಿಗೆ ಬೀಳ್ತದ ಅಂತ ಯಾರೂ ಮೊದಲೇ ಹೇಳೂದಿಲ್ಲ.

ಧಾರಣಿ ಈಗಲೂ ಅಲ್ಲಿಂದಲೇ ಬರ್ತದ. ಹಳೆಯ ನ್ಯೂಯಾರ್ಕ್ ಹತ್ತಿ ಪೇಟೆ ಈಗ ಐಸಿಇ ಅನ್ನೋ ಸಂಸ್ಥೆಯ ಒಳಗೈತಿ, ಅದರ ರೇಟು ನೋಡಿಯೇ ಜಿನ್ನಿಂಗ್ ಫ್ಯಾಕ್ಟರಿಯವರು ನಮಗ ರೇಟು ಹೇಳ್ತಾರೆ. 2025ರ ಆಗಸ್ಟ್ 19ಕ್ಕೆ ಕೇಂದ್ರ ಸರ್ಕಾರ ವಿದೇಶಿ ಹತ್ತಿಯ ಮೇಲಿದ್ದ 11 ಪರ್ಸೆಂಟ್ ಆಮದು ಸುಂಕ ಬಿಟ್ಟಿತು. ಮೊದಲು ಸೆಪ್ಟೆಂಬರ್ 30ರವರೆಗೆ, ಆಮೇಲೆ ಡಿಸೆಂಬರ್ 31ರವರೆಗೆ ಅಂದರು. ನಮ್ಮ ಹತ್ತಿ ಬಿಡಿಸೋ ಕಾಲ ಅದೇ. ಮೊಬೈಲ್ ಆಟ ನಿಷೇಧದ ಕಾಯಿದೆ ಪಾಸಾದದ್ದೂ ಅದೇ ವಾರ. ಟಿವಿಯಲ್ಲಿ ಆಟದ ಸುದ್ದಿ ಜಾಸ್ತಿ ಬಂತು, ಹತ್ತಿಯ ಸುದ್ದಿ ಕಡಿಮೆ ಬಂತು.

ಮನೆಯಲ್ಲಿ ಹುಡುಗರಿಗೆ ಬೈದು ಉಪಯೋಗ ಇಲ್ಲ, ಬೈದರೆ ಮುಚ್ಚಿಟ್ಟು ಆಡ್ತಾರ. ಸಾಲ ಎಷ್ಟು ಆಗೈತಿ ಅಂತ ಹೇಳೋಕೆ ಅವರಿಗೆ ಮನೆಯಲ್ಲಿ ಜಾಗ ಇರಬೇಕು. ಬೆಳೆ ಹೋದಾಗ ನಾವು ಬಚ್ಚಿಡ್ತೀವೇನು? ಹಂಗೇ ಇದೂ. ಯಾವುದಾದರೂ ಹೊಸದು ಬಂದು "ಇದರಲ್ಲಿ ದುಡ್ಡು ಐತಿ" ಅಂದ್ರ, ಒಂದು ಮಾತು ಕೇಳಿಸ್ರಿ: ಇದರೊಳಗ ಮಾಲು ಎಲ್ಲಿ ಐತಪಾ, ಅದರ ಸುದ್ದಿ ನಿನಗಿಂತ ಮೊದಲು ಯಾರಿಗೆ ಗೊತ್ತಾಗ್ತದ? ಉತ್ತರ ಸಿಕ್ಕರೆ ವ್ಯಾಪಾರ. ಸಿಗದಿದ್ದರೆ ಅದು ಓಸಿ, ಹೆಸರು ಏನೇ ಇರಲಿ.

ನಿಮ್ಮ ಅಜ್ಜ, ಮುತ್ತಜ್ಜ ಕುಮಟಾಕ್ಕೆ ಹತ್ತಿ ಗಾಡಿ ಹೊಡೆದ ಕತೆ ಮನೆಯಲ್ಲಿ ಇದ್ದರೆ ಬರೀರಿ. ದಾರಿಯಲ್ಲಿ ಎಲ್ಲೆಲ್ಲಿ ವಸ್ತಿ ಮಾಡ್ತಿದ್ದರು, ವಾಪಸ್ ಬರುವಾಗ ಏನು ಹೇರಿಕೊಂಡು ಬರ್ತಿದ್ದರು ಅಂತ ತಿಳಕೊಳ್ಳೋ ಆಸೆ ಐತಿ. ನಾಳೆ ಹೊಲದಲ್ಲಿ ಎರಡನೇ ಎಡಿ ಹೊಡೆಯೋದು ಐತಿ, ಓದಿ ಉತ್ತರ ಕೊಡೋದು ಸ್ವಲ್ಪ ತಡ ಆಗಬಹುದು.